ಪದಚರ್ಚೆ: ‘ಗುರುತಿಸಲಾಗದ’ ವಸ್ತು, ‘ರಹಸ್ಯ’ ವರದಿ

ಪ್ರಶ್ನೆ: ಅಮೆರಿಕದ ಹಾರುವ ತಟ್ಟೆ ಕಡತಗಳನ್ನು ಕನ್ನಡಿಸುವಾಗ ‘ಅನ್‌ಐಡೆಂಟಿಫೈಡ್’ ಎಂಬುದಕ್ಕೆ ‘ಗುರುತಿಸಲಾಗದ’ ಎಂದೇ ಹಾಕುತ್ತಿದ್ದೇವೆ. ಇಂಥ ವಸ್ತುಗಳ ವರದಿ ಕುರಿತ ವಾಯುಪಡೆಯ 200-2 ನಿಯಮದಲ್ಲಿ ಇದು ಯಾಕೋ ಕೂರುತ್ತಿಲ್ಲ. ಹಾಗೆಯೇ ಜಾನಾಪ್ 146ರ (ಕಂಡದ್ದನ್ನು ಕೂಡಲೇ ವರದಿ ಮಾಡಲು ಅಮೆರಿಕದ ಸೇನಾಪಡೆಗಳು ಹೊರಡಿಸಿದ ಜಂಟಿ ಸೂಚನೆ) ಪ್ರಕಾರ ಕಳಿಸುವ ವರದಿಯನ್ನು ‘ರಹಸ್ಯ ವರದಿ’ ಎನ್ನಬಹುದೇ? ಬಲ್ಲವರು ತಿಳಿಸಬೇಕು.

ಉತ್ತರ: ಕೂರದಿರುವುದು ಸಹಜ ಸರ್. ‘ಗುರುತಿಸಲಾಗದ’ ಎಂದರೆ ಯಾರ ಕೈಲೂ ಆಗದು ಎಂದಾಯಿತು. 1954ರ 200-2 ನಿಂತಿರುವುದೇ ಗುರುತು ಇನ್ನೂ ಸಿಕ್ಕಿಲ್ಲ, ಹುಡುಕಬೇಕು ಎಂಬುದರ ಮೇಲೆ. ಕಂಡದ್ದು ಪರಿಚಿತ ವಸ್ತುವೇ ಎಂದು ಖಚಿತವಾದರೆ ಪತ್ರಿಕೆಗಳಿಗೆ ಹೇಳಬಹುದು. ಇಲ್ಲವಾದರೆ ವಾಯು ತಾಂತ್ರಿಕ ಗುಪ್ತಚರ ಕೇಂದ್ರ ಪರಿಶೀಲಿಸಲಿದೆ ಎಂದಷ್ಟೇ. ‘ಗುರುತು ಸಿಗದ’ ಎನ್ನಿ, ಸಾಕು. (‘ಸೈಟಿಂಗ್’ಗೆ ‘ದರ್ಶನ’ ಮಾತ್ರ ಬೇಡ, ಭಕ್ತಿ ಬಂದುಬಿಡುತ್ತದೆ.)

ಅದೇ ನಿಯಮದ ವರದಿ ನಮೂನೆಯಲ್ಲಿ ಗಾತ್ರದ ಕಲಮು ನೋಡಿ. ಗುಂಡುಸೂಜಿಯ ತಲೆ, ಬಟಾಣಿ, ನಾಣ್ಯ, ಬೇಸ್‌ಬಾಲ್ ಇವುಗಳಿಗೆ ಹೋಲಿಸಲು ಹೇಳುತ್ತದೆ, ಆದರೆ ‘ಕೈ ನೀಳವಾಗಿ ಚಾಚಿ ಹಿಡಿದಾಗ’. ಅನುವಾದದಲ್ಲಿ ಈ ಮಾತು ಬಿಟ್ಟುಹೋದರೆ ಬಟಾಣಿಯಷ್ಟೇ ವಸ್ತು ಹಾರಿತು ಎಂದು ಓದುಗರು ತಿಳಿಯುತ್ತಾರೆ. ಅಲ್ಲಿ ಕೇಳಿರುವುದು ಕೋನದ ಅಳತೆ: ಹುಣ್ಣಿಮೆ ಚಂದ್ರ ಸುಮಾರು ಅರ್ಧ ಡಿಗ್ರಿ, ಚಾಚಿದ ಕೈಯ ಬಟಾಣಿ ಅದನ್ನು ಪೂರ್ತಿ ಮರೆಮಾಡುತ್ತದೆ. ದೂರ ತಿಳಿಯದೆ ನಿಜವಾದ ಗಾತ್ರ ಹೇಳಲಾಗದು.

ಇನ್ನು ‘ರಹಸ್ಯ’. ಜಾನಾಪ್ 146ರ 1966ರ ‘ಇ’ ಆವೃತ್ತಿ ರಹಸ್ಯ ದಾಖಲೆಯೇ ಅಲ್ಲ. ನಾಗರಿಕ ವಿಮಾನದ ಪೈಲಟ್ ಕೂಡ ರೇಡಿಯೋದಲ್ಲಿ, ಮಹತ್ವದ ಗುಪ್ತಚರ ಮಾಹಿತಿ ಬರುತ್ತಿದೆ ಎಂದು ಸೂಚಿಸುವ ಸಿಐಆರ್‌ವಿಐಎಸ್ ಎಂಬ ಸಂಕೇತವನ್ನು ಮೂರು ಸಲ ಹೇಳಿ ವರದಿ ಕೊಡಬೇಕಿತ್ತು. (ಉಚ್ಚಾರಣೆ ‘ಸರ್‌ವೀಸ್’. ಹಾಗೇ ಬರೆದರೆ ಕನ್ನಡದಲ್ಲಿ ‘ಸೇವೆ’ ಆಗುತ್ತದೆ, ಆದ್ದರಿಂದ ಅಕ್ಷರ ಬಿಡಿಸಿಯೇ ಬರೆಯಿರಿ.) ನಿಷೇಧವಿದ್ದದ್ದು ವರದಿಯ ಒಳಗಿನ ವಿಷಯವನ್ನು ಅನುಮತಿಯಿಲ್ಲದೆ ಹೊರಗೆ ಹೇಳುವುದಕ್ಕೆ, ಅದಕ್ಕೆ ಬೇಹುಗಾರಿಕೆ ಕಾನೂನಿನ 793, 794ನೇ ಸೆಕ್ಷನ್‌ಗಳನ್ನು ತೋರಿಸಿದ್ದಾರೆ. ಹಾಗಾಗಿ ‘ಬಹಿರಂಗಪಡಿಸಬಾರದ ವರದಿ’ ಎಂಬುದೇ ಸರಿ. ಗೋಪ್ಯ, ರಹಸ್ಯ, ಪರಮ ರಹಸ್ಯ ಈ ಮೂರನ್ನು ಕಡತದ ಮೇಲೆ ಬೀಳುವ ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಮುದ್ರೆಗಳಿಗೆ ಮೀಸಲಿಡಿ. ಕಂಡಕಂಡಲ್ಲಿ ‘ರಹಸ್ಯ’ ಎಂದರೆ ಇಲ್ಲದ ಮುದ್ರೆಯನ್ನು ನಾವೇ ಒತ್ತಿದಂತೆ.

ಇನ್ನು ‘ಏರಿಯಲ್ ಫಿನಾಮಿನಾ’. ಅದಕ್ಕೆ ‘ವೈಮಾನಿಕ ವಿದ್ಯಮಾನ’ ಎಂಬುದು ಹಳೆಯ ಕಡತಗಳಿಗೆ ನಡೆಯುತ್ತದೆ. 2022ರ ಡಿಸೆಂಬರ್‌ನ ಕಾನೂನಿನಿಂದೀಚೆಗೆ ಅಲ್ಲಿ ‘ಏರಿಯಲ್’ ಹೋಗಿ ‘ಅನಾಮಲಸ್’ ಬಂದಿದೆ, ನೀರೊಳಗಿನದೂ ಸೇರಿದೆ. ಈಚಿನ ದಾಖಲೆಗಳಿಗೆ ‘ಅಸಹಜ ವಿದ್ಯಮಾನ’ ಎಂದು ಹಾಕಿ.