ಲ್ಯಾಟಿನ್ ಪೂಜೆ, ಮದುವೆಯ ಆಸೆ, ಎಚ್-4 ವೀಸಾ: ಮಗಳಿಗೆ ಯಾವ ಕಾಲೇಜು?

ಪ್ರಶ್ನೆ (ನ್ಯೂಜೆರ್ಸಿ): ಮಂಗಳೂರು ಮೂಲದ ಕ್ಯಾಥೊಲಿಕ್ ಕುಟುಂಬ. ಮಗಳು ಹನ್ನೆರಡನೇ ತರಗತಿ, ವೀಸಾ ಎಚ್-4 (ಎಚ್-1 ಕೆಲಸದ ವೀಸಾದವರ ಮನೆಮಂದಿಗೆ ಸಿಗುವುದು). ಭಾನುವಾರದ ಹಳೆಯ ಲ್ಯಾಟಿನ್ ಪೂಜೆ ತಪ್ಪಿಸುವವಳಲ್ಲ. ಅದೇ ಶ್ರದ್ಧೆಯ ಹುಡುಗ ಸಿಕ್ಕರೆ ಡಿಗ್ರಿ ಮುಗಿದ ಕೂಡಲೇ ಮದುವೆಯಾಗುವ ಮನಸ್ಸು ಅವಳದೇ. ಥಾಮಸ್ ಅಕ್ವೈನಾಸ್, ಕ್ರಿಸೆಂಡಮ್, ವಯೋಮಿಂಗ್ ಕ್ಯಾಥೊಲಿಕ್, ಯೂನಿವರ್ಸಿಟಿ ಆಫ್ ಡಲ್ಲಾಸ್ ಪಟ್ಟಿಯಲ್ಲಿವೆ. ಯಾವುದು ಸರಿ? (ಕೆಳಗೆ ಉತ್ತರ ಬರೆದವರನ್ನು ಅವರ ಊರಿನ ಹೆಸರಿನಲ್ಲಿ ಕರೆದಿದೆ.)

ವರ್ಜೀನಿಯಾ: ಹೆಸರು ನೋಡುವ ಮೊದಲು ತಲೆ ಎಣಿಸಿ. ಪ್ರತಿ ಕಾಲೇಜಿಗೂ ಮೇಲ್ ಬರೆದು ‘ಕಾಮನ್ ಡೇಟಾ ಸೆಟ್’ ಕೇಳಿ. ಅದರ ‘ಬಿ’ ವಿಭಾಗದಲ್ಲಿ ಹುಡುಗರೆಷ್ಟು, ಹುಡುಗಿಯರೆಷ್ಟು, ಎರಡನೇ ವರ್ಷಕ್ಕೆ ಎಷ್ಟು ಮಂದಿ ಉಳಿದರು, ಎಷ್ಟು ಮಂದಿ ಡಿಗ್ರಿ ಮುಗಿಸಿದರು ಎಲ್ಲವೂ ಇರುತ್ತದೆ. 400 ಮಕ್ಕಳ ಕಾಲೇಜು ಅಂದರೆ ಬ್ಯಾಚಿಗೆ ಸುಮಾರು 100. ಅರ್ಧ ಹುಡುಗರು ಅಂದುಕೊಂಡರೆ 50. ಅದರಲ್ಲಿ ಗುರುಗಳಾಗಲು ಸೆಮಿನರಿಯತ್ತ ಮನಸ್ಸಿರುವವರನ್ನೂ ಈಗಾಗಲೇ ಜೋಡಿಯಾದವರನ್ನೂ ಕಳೆಯಿರಿ. ಸಣ್ಣ ಕಾಲೇಜಿನಲ್ಲಿ ಪರಿಚಯ ಆಳ, ಆಯ್ಕೆ ಕಡಿಮೆ. ಒಂದು ಸಂಬಂಧ ಮುರಿದರೆ ಅದೇ ಹುಡುಗನ ಎದುರು ಮೂರು ವರ್ಷ ಊಟಕ್ಕೆ ಕೂರಬೇಕು. ಇದನ್ನು ಯಾವ ಕಾಲೇಜಿನ ಬ್ರೋಷರ್ ಕೂಡ ಹೇಳುವುದಿಲ್ಲ.

ಕ್ಯಾಲಿಫೋರ್ನಿಯಾದ ಥಾಮಸ್ ಅಕ್ವೈನಾಸ್ 1971ರದ್ದು. ಮ್ಯಾಸಚೂಸೆಟ್ಸಿನ ನಾರ್ತ್‌ಫೀಲ್ಡಿನಲ್ಲಿ 2019ರಲ್ಲಿ ಎರಡನೇ ಕ್ಯಾಂಪಸ್ ತೆರೆಯಿತು, ನಿಮಗೆ ಅದೇ ಹತ್ತಿರ. ಅಲ್ಲಿ ಮೇಜರ್ ಅಂತ ಇಲ್ಲ, ಎಲ್ಲರಿಗೂ ಒಂದೇ ಪಠ್ಯ, ಮೇಜಿನ ಸುತ್ತ ಕೂತು ಚರ್ಚೆ. ಹುಡುಗ ಹೇಗೆ ಯೋಚಿಸುತ್ತಾನೆ, ಸೋತಾಗ ಹೇಗೆ ಮಾತಾಡುತ್ತಾನೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ವಯೋಮಿಂಗಿನಲ್ಲಿ ಮೊಬೈಲ್ ಒಪ್ಪಿಸಬೇಕು, ಮೊದಲ ವರ್ಷ 21 ದಿನ ಬೆಟ್ಟದಲ್ಲಿ ಟ್ರೆಕ್ಕಿಂಗ್. ಹೊರಾಂಗಣ ಒಗ್ಗದವರಿಗೆ ಬೇಡ.

ಟೆಕ್ಸಸ್: ಎಚ್-4 ಮಕ್ಕಳಿಗೆ ಮೊದಲ ಪ್ರಶ್ನೆ ವೀಸಾದ್ದು. 21 ತುಂಬಿದ ದಿನ ಎಚ್-4 ಮುಗಿಯುತ್ತದೆ, ಸಾಮಾನ್ಯವಾಗಿ ಅದು ಡಿಗ್ರಿಯ ಮೂರನೇ ಅಥವಾ ನಾಲ್ಕನೇ ವರ್ಷ. ಅಷ್ಟರೊಳಗೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು. ಅದಕ್ಕೆ ಕಾಲೇಜಿಗೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಸರ್ಕಾರ ಕೊಡುವ ಎಸ್‌ಇವಿಪಿ ಮಾನ್ಯತೆ ಬೇಕು. ಸಣ್ಣ ಕಾಲೇಜುಗಳನ್ನು ಸೇರುವ ಮೊದಲೇ ಈ ಮಾತು ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.

ಇನ್ನೊಂದು ತೊಡಕು: ಡಿಗ್ರಿಯ ನಂತರ ಕೆಲಸ ಮಾಡಲು ಸಿಗುವ ಒಪಿಟಿ 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯಕ್ಕೆ ಇನ್ನೂ 24 ತಿಂಗಳು ಸೇರುತ್ತದೆ, ಲಿಬರಲ್ ಆರ್ಟ್ಸ್ ಡಿಗ್ರಿಗೆ ಸೇರುವುದಿಲ್ಲ. ಆ ಒಂದು ವರ್ಷದೊಳಗೆ ಎಚ್-1 ಆಗದಿದ್ದರೆ ಮದುವೆಯೇ ಈ ದೇಶದಲ್ಲಿ ಉಳಿಯುವ ದಾರಿ ಅನ್ನಿಸಿಬಿಡುತ್ತದೆ. ಹುಡುಗನನ್ನು ತೂಗಿನೋಡಬೇಕಾದ ಹೊತ್ತಿನಲ್ಲಿ ಗಡಿಯಾರ ನೋಡುವಂತಾಗುತ್ತದೆ. ಹಾಗಾಗಿ ನನ್ನ ಓಟು ಯೂನಿವರ್ಸಿಟಿ ಆಫ್ ಡಲ್ಲಾಸಿಗೆ. ಎಲ್ಲರೂ ಓದಬೇಕಾದ ಕೋರ್ ಪಠ್ಯವೂ ಇದೆ, ವಿಜ್ಞಾನದ ಡಿಗ್ರಿಗಳೂ ಇವೆ. ಅದೇ ಇರ್ವಿಂಗಿನಲ್ಲಿ ಮಾಟೆರ್ ಡೇಯಿ ಧರ್ಮಕೇಂದ್ರ ಇದೆ, ಎಫ್‌ಎಸ್‌ಎಸ್‌ಪಿ (ಹಳೆಯ ಪೂಜೆಯನ್ನೇ ಮಾಡುವ, ರೋಮಿನ ಮಾನ್ಯತೆಯಿರುವ ಸಂಘ) ಗುರುಗಳು ನಡೆಸುವುದು, ಪೂಜೆ ಪೂರ್ತಿ ಹಳೆಯ ಕ್ರಮದಲ್ಲಿ. ನರ್ಸಿಂಗ್ ಬೇಕಿದ್ದರೆ ಸ್ಟ್ಯೂಬೆನ್‌ವಿಲ್ಲಿನ ಫ್ರಾನ್ಸಿಸ್ಕನ್, ಕಾನ್ಸಾಸಿನ ಬೆನೆಡಿಕ್ಟಿನ್ ನೋಡಿ.

ಓಹಾಯೋ: ಪೂಜೆಯ ವಿಷಯದಲ್ಲಿ ಎಚ್ಚರ. ಪೋಪ್ ಫ್ರಾನ್ಸಿಸರ 2021ರ ಜುಲೈ 16ರ ಆದೇಶದ ನಂತರ ಲ್ಯಾಟಿನ್ ಪೂಜೆ ಎಲ್ಲಿ ನಡೆಯಬೇಕೆಂಬುದು ಬಿಷಪರ ಕೈಯಲ್ಲಿ. ಮಾಮೂಲಿ ಧರ್ಮಕೇಂದ್ರದ ಚರ್ಚಿನಲ್ಲಿ ನಡೆಸಲು 2023ರಿಂದ ರೋಮಿನ ಅನುಮತಿಯೂ ಬೇಕು. ಬಿಷಪ್ ಬದಲಾದರೆ ವೇಳಾಪಟ್ಟಿ ಬದಲಾಗಬಹುದು. ಕ್ಯಾಂಪಸ್ ಪೂಜೆ ನಿಂತರೆ ಒಂದು ಗಂಟೆಯ ದಾರಿಯೊಳಗೆ ಬೇರೆ ಎಲ್ಲಿದೆ, ಕಾರಿಲ್ಲದ ಹುಡುಗಿ ಹೇಗೆ ಹೋಗುತ್ತಾಳೆ ಎಂದು ಈಗಲೇ ನೋಡಿಕೊಳ್ಳಿ.

ಅಟ್ಲಾಂಟಾ: ಸಾಲ, ಸಾಲ, ಸಾಲ. ಎಚ್-4 ಮಕ್ಕಳಿಗೆ ಫೆಡರಲ್ ಸಾಲ, ಗ್ರ್ಯಾಂಟ್ ಎರಡೂ ಇಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರ ಜಾಮೀನು ಕೇಳುತ್ತಾರೆ. ಕ್ರಿಸೆಂಡಮ್, ವಯೋಮಿಂಗ್ ಕಾಲೇಜುಗಳು ಫೆಡರಲ್ ಹಣ ಮುಟ್ಟುವುದೇ ಇಲ್ಲ, ತಮ್ಮದೇ ನೆರವು ಕೊಡುತ್ತವೆ. ಅದು ಸಿಟಿಜನ್ ಅಲ್ಲದವರಿಗೂ ಸಿಗುತ್ತದೆಯೇ, ನಾಲ್ಕೂ ವರ್ಷ ಅಷ್ಟೇ ಇರುತ್ತದೆಯೇ ಕೇಳಿ. ಒಂದು ಪರಿಣಾಮ ಗಮನಿಸಿ: ಅಂಥ ಕಾಲೇಜುಗಳ ಪದವೀಧರರ ಸಂಬಳ ಸರ್ಕಾರದ ‘ಕಾಲೇಜ್ ಸ್ಕೋರ್‌ಕಾರ್ಡ್’ನಲ್ಲಿ ಸಿಗುವುದಿಲ್ಲ. ಕಾಲೇಜಿನ ಬಾಯಿಮಾತೇ ಗತಿ.

ಹುಡುಗನ ಸಾಲವೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ತಂದೆ-ತಾಯಿಯ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ನಾಲ್ಕು ವರ್ಷಕ್ಕೆ ತನ್ನ ಹೆಸರಲ್ಲಿ ಸಿಗುವ ಫೆಡರಲ್ ಸಾಲದ ಮಿತಿ 27,000 ಡಾಲರ್. ಬಡ್ಡಿ ಶೇ. 6.5, ಹತ್ತು ವರ್ಷದ ಕಂತು ಅಂದುಕೊಂಡರೆ ತಿಂಗಳಿಗೆ ಸುಮಾರು 307 ಡಾಲರ್. ಮಗು ಹುಟ್ಟಿ ಒಂದೇ ಸಂಬಳ ಉಳಿದಾಗ ಅದೇ ಕುತ್ತಿಗೆಗೆ ಬರುತ್ತದೆ.

ಟೆಕ್ಸಸ್: ಹಾಗಾದರೆ ಸರ್ಕಾರಿ ವಿವಿಯನ್ನೂ ಪಟ್ಟಿಗೆ ಸೇರಿಸಿ. ಟೆಕ್ಸಸ್ ಎ ಅಂಡ್ ಎಂ ಪಕ್ಕದ ಸೇಂಟ್ ಮೇರೀಸ್ ಕ್ಯಾಥೊಲಿಕ್ ಸೆಂಟರಿನಂಥ ಗಟ್ಟಿ ಕೇಂದ್ರವಿದ್ದರೆ ಶ್ರದ್ಧೆಯ ಹುಡುಗರಿಗೆ ಕೊರತೆಯಿಲ್ಲ. ಹಲವು ರಾಜ್ಯಗಳು ಅಲ್ಲೇ ವಾಸವಿರುವ ಎಚ್-4 ಮಕ್ಕಳಿಗೂ ಸ್ಥಳೀಯರ ಶುಲ್ಕವನ್ನೇ ಹಾಕುತ್ತವೆ, ನಿಮ್ಮ ರಾಜ್ಯದ ನಿಯಮ ನೋಡಿ.

ಮಂಗಳೂರು: ಒಂದು ಮಾತು ಮನೆಯಲ್ಲೇ ಮೊದಲು ಆಗಲಿ. ಈ ಕಾಲೇಜುಗಳಲ್ಲಿ ಸಿಗುವ ಹುಡುಗ ಬಹುಮಟ್ಟಿಗೆ ಅಮೆರಿಕದವನೇ. ಕೊಂಕಣಿ ಬಾರದ, ರೋಸ್ (ಮದುವೆಗೆ ಮುಂಚೆ ತೆಂಗಿನಹಾಲು ಹಚ್ಚುವ ಶಾಸ್ತ್ರ) ಅಂದರೆ ಏನೆಂದು ಕೇಳುವ ಅಳಿಯ ನಿಮಗೆ ಒಪ್ಪಿಗೆಯೇ? ಇಲ್ಲವಾದರೆ ಫೀಸು ಕಟ್ಟುವ ಮೊದಲೇ ಹೇಳಿಬಿಡಿ. ನಾಲ್ಕು ವರ್ಷ ಕಳುಹಿಸಿ ಆಮೇಲೆ ಊರಿನ ಸಂಬಂಧ ತರುವುದು ಅವಳಿಗೆ ಅನ್ಯಾಯ.

ಮುಂದೆ ಮದುವೆ ಕೂಡಿಬಂದರೆ ಊರಿನ ಚರ್ಚಿನಿಂದ ಹೊಸ ಜ್ಞಾನಸ್ನಾನ ಪತ್ರ ತರಿಸಬೇಕು. ಸಾಮಾನ್ಯವಾಗಿ ಆರು ತಿಂಗಳಿಗಿಂತ ಹಳೆಯದನ್ನು ಒಪ್ಪುವುದಿಲ್ಲ. ಹಿಂದೆ ಮದುವೆಯಾಗಿದೆಯೇ ಎಂಬುದು ಅದೇ ದಾಖಲೆ ಪುಸ್ತಕದಲ್ಲಿ ನಮೂದಾಗುವುದರಿಂದ ಬಾಲ್ಯದ ಪ್ರತಿ ಕಪಾಟಿನಲ್ಲಿದ್ದರೆ ಪ್ರಯೋಜನವಿಲ್ಲ. ದಾಖಲೆಯ ಹೆಸರು ಪಾಸ್‌ಪೋರ್ಟಿಗೆ ತಾಳೆಯಾಗದಿರುವುದು ಮಾಮೂಲು, ಮುಂದಿನ ರಜೆಗೆ ಬಂದಾಗಲೇ ನೋಡಿ. ಅಮೆರಿಕದ ಹೆಚ್ಚಿನ ಧರ್ಮಪ್ರಾಂತಗಳಲ್ಲಿ ಮದುವೆಗೆ ಆರು ತಿಂಗಳಾದರೂ ಮುಂಚೆ ಗುರುಗಳಿಗೆ ತಿಳಿಸಬೇಕು.

ಓಹಾಯೋ: ಇನ್ನೆರಡು ಸೇರಿಸುತ್ತೇನೆ. ಹುಡುಗ ಎಸ್‌ಎಸ್‌ಪಿಎಕ್ಸ್ (ರೋಮಿನ ಜೊತೆ ಪೂರ್ತಿ ಕೂಡಿಕೊಳ್ಳದ, ಹಳೆಯ ಪೂಜೆಯ ಗುರುಗಳ ಸಂಘ) ಚಾಪೆಲಿನವನಾದರೆ, ಅಲ್ಲಿ ಮದುವೆಗೆ ಸ್ಥಳೀಯ ಬಿಷಪರ ಅಧಿಕಾರ ಪತ್ರ ಬೇಕು. ಕೊಡಲು 2017ರಲ್ಲಿ ರೋಮ್ ದಾರಿ ತೆರೆದಿದೆ, ಆದರೆ ತಾನಾಗಿ ಬರುವುದಿಲ್ಲ, ಧರ್ಮಪ್ರಾಂತದ ಕಚೇರಿಯಲ್ಲೇ ಖಚಿತಪಡಿಸಿಕೊಳ್ಳಿ. ಹುಡುಗ ಕೇರಳ ಮೂಲದ ಸೀರೋ ಮಲಬಾರ್ ಕ್ಯಾಥೊಲಿಕ್ ಸಭೆಯವನಾದರೆ (ಬೆಳ್ತಂಗಡಿ ಕಡೆಯವರಲ್ಲಿ ಬಹಳ ಮಂದಿ) ಡೀಕನ್ (ಗುರುಪಟ್ಟಕ್ಕಿಂತ ಕೆಳಗಿನ ಹಂತದವರು) ಮಾಡಿಸಿದ ಮದುವೆ ಸಿಂಧುವಲ್ಲ, ಗುರುಗಳೇ ಬೇಕು.