ಅದಿರಿನ ಡಾಕ್‌ಗೆ ಕನ್ನಡದಲ್ಲಿ ಏನು? (ನಾಳೆ ಸಂಜೆಯೊಳಗೆ ಬೇಕು)

ರೈಲು ಫೋಟೋ ಪ್ರದರ್ಶನಕ್ಕೆ ಅಡಿಬರಹ ಬರೆಯುತ್ತಿದ್ದೇನೆ. ಒಂದು ಚಿತ್ರಕ್ಕೆ ಪದ ಸಿಗುತ್ತಿಲ್ಲ. ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಡುಲುತ್. ಅಲ್ಲಿನ ಆರನೇ ನಂಬರಿನ ಅದಿರು ಡಾಕ್, 1918ರದ್ದು. 2,304 ಅಡಿ ಉದ್ದ. ನೀರಿನಿಂದ ಸುಮಾರು 80 ಅಡಿ ಮೇಲೆ ಹಳಿ. ವ್ಯಾಗನ್ನಿನ ತಳದ ಬಾಗಿಲು ತೆಗೆದರೆ ಅದಿರು ದಡದಡ ಕೆಳಗಿನ ಗೂಡಿಗೆ ಬೀಳುತ್ತದೆ. ಇಂಥ ಗೂಡು 384. ಅವಕ್ಕೆ ಅಲ್ಲಿ ‘ಪಾಕೆಟ್’ ಅಂತಾರೆ. ಹಡಗು ಪಕ್ಕಕ್ಕೆ ಬಂದು ನಿಂತರೆ ಗೂಡಿನ ಬಾಯಿಂದ ಉಕ್ಕಿನ ಜಾರುತಗಡು ಇಳಿಸುತ್ತಾರೆ, ಅದಿರು ತಾನಾಗಿ ಹಡಗಿನ ಹೊಟ್ಟೆಗೆ ಜಾರುತ್ತದೆ. ಡಾಕ್‌ಗೆ ‘ಧಕ್ಕೆ’, ಪಾಕೆಟ್‌ಗೆ ‘ಕಿಸೆ’ ಅಂತ ಹಾಕಲೇ?

ಮರು:
ಬೇಡ. ಧಕ್ಕೆ ಮರಾಠಿ. ಮುಂಬಯಿಯಲ್ಲಿ ದೋಣಿ ನಿಲ್ಲುವ ಭಾವುಚಾ ಧಕ್ಕಾ ಕೇಳಿಲ್ವಾ? ಕನ್ನಡದಲ್ಲಿ ಧಕ್ಕೆ ಅಂದರೆ ಪೆಟ್ಟು. ಕಿಸೆ, ಜೇಬು ಎರಡೂ ಹೊರಗಿನವು. ‘ಬಂದರಿನ ಇಳಿಕಟ್ಟೆ’ ಅನ್ನಿ. ಕಟ್ಟೆಯಂಥ ಪದ ಇರುವಾಗ ಸಾಲ ಯಾಕೆ?

ಮರು:
‘ಬಂದರು’ ಪಾರ್ಸಿ, ಸ್ವಾಮಿ. ನಾನು ಮಂಗಳೂರಿನವ. ‘ದಕ್ಕೆಗೆ ಹೋಗಿ ಬಾ’ ಅಂತ ಅಮ್ಮ ಕಳಿಸುತ್ತಿದ್ದದ್ದು ಮೀನು ತರಲಿಕ್ಕೆ, ಪೆಟ್ಟು ತಿನ್ನಲಿಕ್ಕಲ್ಲ. ಇಳಿಕಟ್ಟೆಯಂತೂ ತಪ್ಪೇ ತಪ್ಪು. ಡುಲುತ್‌ನಲ್ಲಿ ಇಳಿಯುವುದು ರೈಲಿನ ಅದಿರು, ಹಡಗಿಗೆ ಅದು ಏರಿಕೆ. ಹಡಗಿನಿಂದ ಇಳಿಸುತ್ತಿದ್ದದ್ದು ಆಚೆ ಈರಿ ಸರೋವರದ ಬಂದರುಗಳಲ್ಲಿ, ಹ್ಯೂಲೆಟ್ ಯಂತ್ರ ಇಟ್ಟುಕೊಂಡು. ಜಾರುತಗಡಿಗೆ ‘ದಂಬೆ’ ಅನ್ನಿ. ಸೂರಿನ ನೀರು ಹರಿಸಲು ಅಡಿಕೆ ಮರ ಸೀಳಿ ಕಟ್ಟುತ್ತಾರಲ್ಲ, ಅದೇ.

ಮರು:
ಬಂದರು ಕನ್ನಡದಲ್ಲಿ ಬೆರೆತು ಎಷ್ಟೋ ಕಾಲ ಆಯ್ತು. ಅದು ಬೇರೆ.

ಮರು:
ಓಹೋ. ದಕ್ಕೆ ಬೆರೆಯಲು ಇನ್ನೆಷ್ಟು ವರ್ಷ ಕಾಯಬೇಕು? ಸ್ಟೇಷನ್ನಿಗೆ ಹೋಗಿ ‘ಉಗಿಬಂಡಿ’ಗೆ ಟಿಕೆಟ್ ಕೇಳಿ ನೋಡಿ.

ಮರು:
ಜಗಳ ನಡೀಲಿ. ಪಾಕೆಟ್‌ಗೆ ‘ವಾಡೆ’ ಆಗಲ್ವಾ? ಅಜ್ಜಿ ಮನೆಯಲ್ಲಿ ಆಳೆತ್ತರದ ಮಣ್ಣಿನ ವಾಡೆ ಇತ್ತು. ರಾಗಿಯನ್ನು ಮೇಲಿಂದ ಸುರಿಯೋದು, ಬೇಕಾದಾಗ ಬುಡದ ತೂತಿಗೆ ತುರುಕಿದ ಬಟ್ಟೆ ಎಳೆದು ಮೊರ ಒಡ್ಡೋದು. ನಿಮ್ಮ ಡಾಕ್‌ನಲ್ಲೂ ನಡೆಯೋದು ಇಷ್ಟೇ. ಧಾರವಾಡದ ಕಡೆಯವರು ದೇಸಾಯರ ವಾಡೆ, ಅಂದರೆ ದೊಡ್ಡ ಮನೆ, ಅಂದುಕೊಂಡಾರು, ಅದೊಂದೇ ಭಯ.

ಮರು:
ಎಲ್ಲರಿಗೂ ಥ್ಯಾಂಕ್ಸ್. ಪ್ರಿಂಟಿಗೆ ಹೋಯ್ತು: “ಅದಿರು ದಕ್ಕೆ, ಡುಲುತ್. ಮೇಲೆ ರೈಲು, ನಡುವೆ 384 ವಾಡೆ, ಕೆಳಗೆ ಹಡಗು.” ದಂಬೆಗೆ ಜಾಗ ಸಾಲಲಿಲ್ಲ, ಕ್ಷಮಿಸಿ.

ಮರು:
ದಕ್ಕೆಯೇ ಹಾಕಿದಿರಾ. ಸರಿ ಬಿಡಿ.