‘ರೂಬೆನ್ಸ್ ನಂತರ’: ಇಲ್ಲಿ ‘ನಂತರ’ ಸರಿಯೇ?

ಗೆಳೆಯರೇ,

ಕೆಲವು ಹಳೆಯ ಚಿತ್ರಗಳ ಅಡಿಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಸಣ್ಣ ಪದ ಎರಡು ದಿನದಿಂದ ಕಾಡುತ್ತಿದೆ.

ಫ್ರೆಂಚ್ ಕಲಾವಿದ ಆಂಟ್ವಾನ್ ವಾತೋ ಕೆಂಪು ಚಾಕಿನಲ್ಲಿ ಬರೆದ ಚಿತ್ರ ಅದು. ಒಂದು ಗಂಡು, ಒಂದು ಹೆಣ್ಣು, ಕುಣಿತದ ಭರದಲ್ಲಿ ತಬ್ಬಿಕೊಂಡಿದ್ದಾರೆ. ಈ ಜೋಡಿ ವಾತೋ ಕಲ್ಪನೆಯದಲ್ಲ. ಫ್ಲೆಮಿಶ್ ಕಲಾವಿದ ರೂಬೆನ್ಸ್ 1635ರ ಸುಮಾರಿಗೆ ಬರೆದ, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಹಳ್ಳಿ ಜಾತ್ರೆಯ ಚಿತ್ರದಿಂದ ಎತ್ತಿಕೊಂಡದ್ದು. ಇಂಗ್ಲಿಷಿನಲ್ಲಿ ಇದನ್ನು ‘ಆಫ್ಟರ್ ರೂಬೆನ್ಸ್’ ಅನ್ನುತ್ತಾರೆ. ಫ್ರೆಂಚಿನಲ್ಲಿ ‘ದಾಪ್ರೆ’, ಅದರೊಳಗೂ ‘ಆಮೇಲೆ’ ಅನ್ನುವ ಪದವೇ ಕೂತಿದೆ.

ಸುಮ್ನೆ ‘ರೂಬೆನ್ಸ್ ನಂತರ’ ಅಂತ ಬರೆದೆ. ಓದಿದವರಿಗೆ ಕಾಲ ಮಾತ್ರ ಕಾಣುತ್ತದೆ, ಅಲ್ವಾ? ರೂಬೆನ್ಸ್ ತೀರಿಕೊಂಡದ್ದು 1640ರಲ್ಲಿ, ವಾತೋ ಹುಟ್ಟಿದ್ದು 1684ರಲ್ಲಿ. ಹಾಗಾಗಿ ಮಾತು ಸುಳ್ಳೂ ಅಲ್ಲ. ಅದಕ್ಕೇ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ‘ಗುರು ರೂಬೆನ್ಸ್’ ಅಂದರೂ ಕಷ್ಟ. ಎದುರು ಕೂತು ಕಲಿಸಿದ ಹಾಗೆ ಕೇಳಿಸುತ್ತದೆ.

‘ರೂಬೆನ್ಸ್‌ನನ್ನು ನೋಡಿ ಬರೆದದ್ದು’ ಅಂದರೆ ಅದು ರೂಬೆನ್ಸ್ ಮುಖದ ಚಿತ್ರ ಆಗಿಬಿಡುತ್ತದೆ. ‘ನಕಲು’ ಅಂದರೆ ಪರೀಕ್ಷೆಯ ಚೀಟಿ ನೆನಪಾಗುತ್ತದೆ. ‘ಪಡಿಯಚ್ಚು’ ಅಂತೂ ಪೂರಾ ತಪ್ಪು. ವಾತೋ ಇದೇ ಜೋಡಿಯನ್ನು ಆಮೇಲೆ ತನ್ನ ‘ಲಾ ಸುರ್‌ಪ್ರೀಸ್’ ವರ್ಣಚಿತ್ರದಲ್ಲಿ ಬಳಸಿದ. ಜಾತ್ರೆಯ ಗದ್ದಲ ಇಲ್ಲ, ಕುಡಿತ ಇಲ್ಲ. ಒಂದು ತೋಟ, ಪಕ್ಕದಲ್ಲಿ ಗಿಟಾರ್ ಹಿಡಿದು ಕೂತ ಒಬ್ಬ, ಒಂದು ಪುಟ್ಟ ನಾಯಿ. ಅದೇ ಅಪ್ಪುಗೆ ಇಲ್ಲಿ ಬೇರೆಯೇ ಆಗಿ ಕಾಣುತ್ತದೆ. ಇದನ್ನು ನಕಲು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಆಗ ಹೊಳೆದದ್ದು ‘ಮೇಲ್ಪಂಕ್ತಿ’. ಸ್ಲೇಟಿನ ಮೇಲ್ಗಡೆ ಮೇಷ್ಟ್ರು ಒಂದು ಸಾಲು ದುಂಡಗೆ ಬರೆದುಕೊಡುತ್ತಿದ್ದರು, ಮಕ್ಕಳು ಕೆಳಗೆ ಅದನ್ನೇ ನೋಡಿ ಬರೆಯುತ್ತಿದ್ದರು. ಕಲಿಯುವವನ ಕೈ, ಕಲಿಸುವ ಸಾಲು, ಎರಡೂ ಆ ಪದದಲ್ಲಿವೆ. ‘ವಾತೋ, ಮೇಲ್ಪಂಕ್ತಿ: ರೂಬೆನ್ಸ್’ ಅಂತ ಹಾಕಬಹುದೇ? ಅನುವಾದದ ಪುಸ್ತಕಗಳಲ್ಲಿರುವ ಹಾಗೆ ‘ಮೂಲ: ರೂಬೆನ್ಸ್’ ಅನ್ನುವುದು ಸುಲಭ, ಎಲ್ಲರಿಗೂ ತಿಳಿಯುತ್ತದೆ. ಆದರೂ ನನಗೆ ಮೇಲ್ಪಂಕ್ತಿಯೇ ಜಾಸ್ತಿ ಇಷ್ಟ.

ಇನ್ನು ಚಾಕು. (ಹೀಗೆ ಬರೆದರೆ ತರಕಾರಿ ಹೆಚ್ಚುವ ಚಾಕು ಅಂತಲೂ ಓದಬಹುದು, ಅದೂ ಒಂದು ತೊಡಕು.) ‘ಕೆಂಪು ಸೀಮೆಸುಣ್ಣ’ ಅಂದರೆ ಶಾಲೆಯ ಕಪ್ಪು ಹಲಗೆ ಕಣ್ಣಿಗೆ ಬರುತ್ತದೆ. ಆದರೆ ಆ ಕಾಲದ ಕೆಂಪು ಚಾಕಿನಲ್ಲಿ ಸುಣ್ಣದ ಮಾತೇ ಇಲ್ಲ. ಅದು ಕಬ್ಬಿಣದ ಅಂಶದಿಂದ ಕೆಂಪಾದ ಜೇಡಿ, ನೆಲದಿಂದ ಅಗೆದು ಕಡ್ಡಿಯಾಗಿ ಕೊಯ್ದದ್ದು. ಗೋಡೆಗೆ ಬಳಿಯುವ ನಮ್ಮ ಕೆಮ್ಮಣ್ಣಿನ ನೆಂಟ. ಅದಕ್ಕೇ ‘ಕೆಮ್ಮಣ್ಣಿನ ಕಡ್ಡಿ’ ಅಂತ ಬರೆದಿಟ್ಟಿದ್ದೇನೆ.

ಚಿತ್ರಕಲೆ ಕಲಿಸುವವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಹಿರಿಯರ ಚಿತ್ರ ಎದುರಿಗಿಟ್ಟುಕೊಂಡು ಬರೆಯುವುದಕ್ಕೆ ನಿಮ್ಮ ತರಗತಿಯಲ್ಲಿ ಬಾಯಿಮಾತಿಗೆ ಏನನ್ನುತ್ತೀರಿ?